ಸಕ್ಕುಬಾಯಿ ಕೊಟ್ಟ ಕೊಡ

“ಶೈಲಾ! ಆ ಕೊಡಕ್ಕ ಆಸಿಡ್ ಹಚ್ಚಬ್ಯಾಡ… ಕೈ ತಗಿ, ಕೈ ತಗಿ ಅಂದೆ!”

ಅತ್ತೆ ಯಲ್ಲವ್ವ ಅಡುಗೆಮನೆಯಿಂದ ಕೂಗುತ್ತ ಓಡಿಬರುವಷ್ಟರಲ್ಲಿ ಶೈಲಶ್ರೀಯ ಬ್ರಶ್ಶು ತಾಮ್ರದ ಕೊಡದ ಮೇಲೆ ಎರಡು ಸಲ ಆಡಿಯಾಗಿತ್ತು. ದಾಂಡೇಲಿಯ ಆ ಓಣಿಯಲ್ಲಿ ಮದುವೆಗೆ, ತೊಟ್ಟಿಲಿಗೆ ಪಾತ್ರೆ ಕೊಂಡವರೆಲ್ಲ ಹೆಸರು ಹಾಕಿಸಲು ಬರುತ್ತಿದ್ದುದು ಇದೇ ಮನೆಗೆ. ಕಾಗದದ ಮಿಲ್ಲಿನ ವರ್ಕ್‌ಶಾಪಿನಲ್ಲಿದ್ದ ಮಾವ ಶಂಕ್ರಪ್ಪ ಅತ್ತೆ ಸೊಸೆಯರಿಬ್ಬರಿಗೂ ಕಲಿಸಿಹೋದ ಕೆಲಸವದು. ಪಾತ್ರೆಗೆ ಮೇಣ ಬಳಿದು, ಸೂಜಿಯಿಂದ ಅಕ್ಷರ ಗೀರಿ, ಗೀರಿದಲ್ಲಿ ಆಸಿಡ್ ಹಚ್ಚಿದರೆ ಹೆಸರು ಮೂಡುತ್ತದೆ. ಮೇಣಕ್ಕೆ ಮೊದಲು ಪಾತ್ರೆಯ ಮೈ ಸ್ವಚ್ಛವಾಗಲೆಂದು ತೆಳು ಆಸಿಡ್ ಸವರುವುದು ರೂಢಿ. ಶೈಲಶ್ರೀ ಮಾಡಿದ್ದೂ ಅಷ್ಟೇ, ಪಾಪ! ನಾದಿನಿ ಸುರೇಖಾ ಅಂಬಿಕಾನಗರದಿಂದ ಬಂದು, ತನ್ನ ಮದುವೆಯಲ್ಲಿ ತವರಿನವರು ಕೊಟ್ಟ ಕೊಡದ ಮೇಲೆ ತನ್ನ ಮಗಳ ಹೆಸರೂ ಹಾಕಬೇಕೆಂದು ಹೇಳಿ ಬಜಾರಕ್ಕೆ ಹೋಗಿದ್ದಳು.

“ಯಾಕ್ರೀ ಅತ್ತಿ, ಏನಾತು?” ಎನ್ನುತ್ತ ಶೈಲಶ್ರೀ ಕೊಡದತ್ತ ತಿರುಗಿದಳು.

ಸುರೇಖಾಳ ಹೆಸರಿನ ಕೆಳಗೆ, ನುಣುಪಾಗಿದ್ದ ತಾಮ್ರದಲ್ಲಿ ಚುಕ್ಕೆ ಚುಕ್ಕೆಯಾಗಿ ಕಪ್ಪು ಗುರುತುಗಳು ಏಳುತ್ತಿದ್ದವು. ಮೊದಲು ಒಂದು ‘ಸ’. ಆಮೇಲೆ ‘ಕ್ಕು’… ನೋಡನೋಡುತ್ತಿದ್ದಂತೆ ಇಡೀ ಸಾಲು ನಿಂತಿತು. ‘ಚಿ. ಸೌ. ಶೈಲಶ್ರೀಗೆ ತಾಯಿ ಸಕ್ಕುಬಾಯಿ.’

ಶೈಲಶ್ರೀ ಬ್ರಶ್ಶು ಕೆಳಗಿಟ್ಟು ಬಾಗಿ ಓದಿದಳು. ತನ್ನ ಕೊಡ! ಒಂಬತ್ತು ವರ್ಷದ ಹಿಂದೆ ಅಟ್ಟದ ಮೇಲಿಂದ ಕಾಣೆಯಾದ, ತಮ್ಮ ಮೌನೇಶ ಕದ್ದೊಯ್ದನೆಂದು ಮನೆಯೆಲ್ಲ ನಂಬಿದ್ದ ಕೊಡ!

ಯಲ್ಲವ್ವ ಬಾಗಿಲ ಬಳಿಯೇ ಕೂತಳು. ಉಳಿ ಹೊಡೆದು ಹಾಕಿದ ಹೆಸರಿನ ಕೆಳಗೆ ತಗಡು ಒಳಗೊಳಗೇ ಬಿಗಿಯಾಗಿರುತ್ತದೆ, ಮೇಲೆ ಎಷ್ಟು ತಿಕ್ಕಿ ಅಳಿಸಿದರೂ ಆಸಿಡ್ ಅಲ್ಲಿ ಬೇರೆ ರೀತಿ ಕಚ್ಚುತ್ತದೆ ಎಂದು ಗಂಡ ನೂರು ಸಲ ಹೇಳಿದ್ದ. ಅದಕ್ಕೇ ಅಲ್ಲವೇ, ಅಂದು ಸುರೇಖಾಳ ಹೆಸರು ಹಾಕುವಾಗ ಈ ಕೊಡಕ್ಕೆ ತೆಳು ಆಸಿಡ್ ಸವರದೆಯೇ ಅವಳು ಮೇಣ ಬಳಿದದ್ದು!

“ನಾನ ಶೈಲಾ… ನಾನ ತಗೊಂಡೆ,” ಎಂದಳು. “ಸುರೇಖಾನ ಲಗ್ನದಾಗ ಬೀಗರು ತಾಮ್ರದ ಕೊಡ ಇರಬೇಕ ಅಂತ ಹಟ ಹಿಡದ್ರು. ಹೊಸಾದು ಹೊಂದಸಾಕ ಆಗಲಿಲ್ಲ. ನಿಂದು ಅಟ್ಟದ ಮ್ಯಾಲ ಸುಮ್ನ ಕುಂತಿತ್ತು. ತಿಕ್ಕಿ ನಿಮ್ಮವ್ವನ ಹೆಸರು ಅಳಸಿದೆ. ಸುರೇಖಾಗೂ ಇದು ಗೊತ್ತಿಲ್ಲವ್ವಾ…”

“ಮತ್ತ ನನ್ನ ತಮ್ಮನ ಹೆಸರು ಯಾಕ ತಗದ್ರಿ?”

“ನೀ ಕೊಡ ಎಲ್ಲಿ ಅಂತ ಕೇಳಿದಿ. ಆ ವಾರನ ಅಂವ ನಿನ್ನ ಪಂಚಮಿಗೆ ಕರಿಯಾಕ ಬಂದು ಹೋಗಿದ್ದ. ‘ನಿನ್ನ ತಮ್ಮ ಬಂದು ಹೋದಮ್ಯಾಲೆ ಕೊಡ ಕಾಣವಲ್ದು’ ಅಂದೆ. ಅಷ್ಟ ಅಂದೆ. ಅಷ್ಟ!”

ಅಷ್ಟೇ ಅಂತೆ! ಒಂದು ಮಾತಿಗೆ ಒಂದು ತವರು ಮುಚ್ಚಿಹೋಯಿತು. ಯಲ್ಲವ್ವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ಬಂದು ಕರೆದೊಯ್ಯುವಾಗ, ಸೊಸೆ ಒಲೆಯ ಮುಂದೆ ಕೂತು ಉಂಡಿ ಕಟ್ಟುವುದನ್ನು ಅವಳು ಒಂಬತ್ತು ಸಲ ನೋಡಿದ್ದಳು. ಈ ಸಲವಾದರೂ ಹೇಳಿಬಿಡಬೇಕು ಎಂದುಕೊಂಡು ಒಂಬತ್ತು ಸಲವೂ ಬಾಯಿ ಮುಚ್ಚಿಕೊಂಡಿದ್ದಳು.

ಶೈಲಶ್ರೀ ಅತ್ತೆಯನ್ನು ಬಯ್ಯಲಿಲ್ಲ. ಬಯ್ದಿದ್ದರೆ ಮುದುಕಿಗೆ ಒಂಚೂರು ಹಗುರವಾದರೂ ಆಗುತ್ತಿತ್ತು.

“ನೀವು ಒಂದ ಮಾತು ಅಂದ್ರಿ,” ಎಂದಳು ಗೋಡೆ ನೋಡುತ್ತ. “ನಂಬಿದಾಕಿ ನಾನು. ಅಂವ ಮತ್ತ ಬಂದಾಗ ‘ಕೊಡ ತಂದ್ರ ಒಳಗ ಬಾ, ಇಲ್ಲಾಂದ್ರ ನನಗ ತಮ್ಮ ಇಲ್ಲ’ ಅಂದಾಕಿ ನಾನು. ಅವ್ವ ಸತ್ತಾಗ ಹೋದೆ, ಅಂವ ‘ಅಕ್ಕಾ’ ಅಂದ… ನಾ ಹೊಳ್ಳಿ ಸುದ್ದಾ ನೋಡಲಿಲ್ರಿ ಅತ್ತಿ! ಯಾವ ಮುಖಾ ತಗೊಂಡು ಈಗ ಹೋಗಲಿ?”

ಯಲ್ಲವ್ವ ತೆವಳಿಕೊಂಡು ಬಂದು ಕೊಡವನ್ನು ತೊಡೆಯ ಮೇಲಿಟ್ಟುಕೊಂಡಳು. ಅದನ್ನು ತೊಳೆದು ಒರೆಸಿ, ಸಕ್ಕುಬಾಯಿಯ ಹೆಸರಿನ ಕೆಳಗೆ ಮೇಣ ಬಳಿದಳು. ಸೂಜಿ ಹಿಡಿದು ಒಂದೊಂದೇ ಅಕ್ಷರ ಗೀರಿ, ಆಸಿಡ್ ಹಚ್ಚಿದಳು. ‘ಕದ್ದಾಕಿ ಯಲ್ಲವ್ವ.’ ಶೈಲಶ್ರೀ ನೋಡುತ್ತ ನಿಂತಳು. ತಡೆಯಲಿಲ್ಲ.

ಬಜಾರದಿಂದ ಬಂದ ಸುರೇಖಾ ಆ ಸಾಲುಗಳನ್ನು ಓದಿ, ಕೊಡವನ್ನು ಅಲ್ಲೇ ಬಿಟ್ಟು ಅಂಬಿಕಾನಗರಕ್ಕೆ ಮರಳಿದಳು. ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಳಿಯಾಳದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕೊಡ ಯಲ್ಲವ್ವನ ಮಡಿಲಲ್ಲೇ ಇತ್ತು.

ಮೌನೇಶ ಬಡಗಿ. ಅಂಗಳದಲ್ಲಿ ಬಾಗಿಲೊಂದಕ್ಕೆ ಪಾಲಿಶ್ ಕಾಗದ ತಿಕ್ಕುತ್ತಿದ್ದವನು ಅಕ್ಕನನ್ನು ಕಂಡು ಎದ್ದು ನಿಂತ. ಯಲ್ಲವ್ವ ಕೊಡವನ್ನು ಅವನ ಮುಂದೆ ಇಟ್ಟಳು. ಅವನು ಎರಡೂ ಸಾಲು ಓದಿದ. ಮತ್ತೊಮ್ಮೆ ಓದಿದ.

“ನನ್ನ ಚಪ್ಪಲಿಲೆ ಹೊಡಿಯೋ ತಮ್ಮಾ!” ಎಂದು ಶೈಲಶ್ರೀ ಅವನ ಕಾಲ ಬಳಿ ಕುಸಿದಳು. “ಅವ್ವ ಏನಂತಿದ್ಲು? ಆಕಿಯರ ನಿನ್ನ ನಂಬಿದ್ಲಲ್ಲಾ?”

ಮೌನೇಶ ಅಕ್ಕನ ಪಕ್ಕದಲ್ಲಿ ಕೂತ.

“ನಾ ತಗೊಂಡಿಲ್ಲ ಅಂತ ಹೇಳಿದ್ರ, ಅವ್ವ ದಾಂಡೇಲಿಗೆ ಬಂದು ಜಗಳಾ ತಗಿತಿದ್ಲು ಅಕ್ಕಾ. ನೀ ಆ ಮನ್ಯಾಗ ಬಾಳೇ ಮಾಡಬೇಕಿತ್ತು. ಅದಕ್ಕ… ನಾನ ಒಯ್ದು ಮಾರೇನಿ ಅಂತ ಹೇಳಿದೆ. ಅವ್ವ ಹಂಗ ನಂಬಿದ್ಲು.”

“ಕಡೀತನಕಾ?”

“ಕಡೀತನಕಾ.”

ಅಯ್ಯೋ! ಯಲ್ಲವ್ವ ಏನು ಹೊತ್ತು ತಂದಿದ್ದಳೋ ಅದು ಆ ಕ್ಷಣಕ್ಕೆ ಎರಡು ಪಟ್ಟಾಯಿತು. ಸೊಸೆಯ ಕ್ಷಮೆ ಕೇಳಬಹುದು, ಅವಳ ತಮ್ಮನ ಕಾಲು ಹಿಡಿಯಬಹುದು. ಮಗ ಕಳ್ಳನೆಂದೇ ತಿಳಿದು ಕಣ್ಣು ಮುಚ್ಚಿದ ತಾಯಿಯನ್ನು ಎಲ್ಲಿ ಹುಡುಕಿಕೊಂಡು ಹೋಗುವುದು?

ಮೌನೇಶ ಪಾಲಿಶ್ ಕಾಗದ ಎತ್ತಿಕೊಂಡು ಯಲ್ಲವ್ವನ ಸಾಲನ್ನು ತಿಕ್ಕಲು ಬಾಗಿದ. “ಹೋಗಲಿ ಬಿಡ್ರಿ ಅತ್ತಿ. ದೊಡ್ಡವರ ಹೆಸರು ಹಿಂಗ ಇರಬಾರದು.”

ಯಲ್ಲವ್ವ ಗಬಕ್ಕನೆ ಅವನ ಕೈ ಹಿಡಿದಳು. “ತಿಕ್ಕಬ್ಯಾಡಪಾ! ನಿಮ್ಮವ್ವಂದು ಉಳಿ ಹೊಡದು ಹಾಕಿದ್ದು, ಅಳಸಿದ್ರೂ ಬಂತು. ಇದು ಬರೇ ಆಸಿಡ್‌ದಾಗ ಬರದದ್ದು. ಒಮ್ಮೆ ಹೋದ್ರ ಮತ್ತ ಬರೂದಿಲ್ಲ. ನಾ ಮತ್ತ ಪಾರಾಗಿ ಬಿಡ್ತೇನಿ.”

ಅವನು ಕಾಗದ ಕೆಳಗಿಟ್ಟ. ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ, “ಏಳ, ಒಂಬತ್ತ ವರ್ಷ ತಡಾ ಆದ್ರೂ ಪಂಚಮಿಗೆ ಬಂದೀದಿ, ಒಳಗ ನಡಿ,” ಎಂದ.

ಒಳಗೆ, ಗೋಡೆಯ ಮೇಲೆ ಸಕ್ಕುಬಾಯಿಯ ಫೋಟೋ ಇತ್ತು. ಯಲ್ಲವ್ವ ಕೊಡವನ್ನು ಅದರೆದುರು ಸ್ಟೂಲಿನ ಮೇಲಿಟ್ಟು, ಅಕ್ಷರಗಳು ಫೋಟೋದ ಕಡೆ ಬರುವಂತೆ ತಿರುಗಿಸಿದಳು.

“ನಿಮ್ಮವ್ವಗ ಓದಾಕ ಬರ್ತಿತ್ತೇನಪಾ?”

“ಇಲ್ರೀ. ತನ್ನ ಹೆಸರಷ್ಟ ಗುರುತು ಹಿಡೀತಿದ್ಲು.”

ಯಲ್ಲವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸಣ್ಣ ಮಕ್ಕಳಿಗೆ ಓದಿಸುವಂತೆ, ಕೆಳಗಿನ ಸಾಲಿನ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಫೋಟೋಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದಳು.

“ಕದ್ದಾಕಿ… ಯಲ್ಲವ್ವ. ಕೇಳಿದೇನವ್ವಾ ಸಕ್ಕುಬಾಯಿ? ನಿನ್ನ ಮಗ ಅಲ್ಲ. ಯಲ್ಲವ್ವ.”