ಮುನೀಂದ್ರನ ಸೊಟ್ಟಬಾಯಿ

"ನನ್ನ ಗಂಡ ಕೈ ಎತ್ತಿಲ್ಲ ಡಾಕ್ಟ್ರೇ. ಎತ್ತಿದ್ರೆ ನಾನೇ ಪೊಲೀಸ್ನೋರಿಗೆ ಹೇಳ್ತಿದ್ದೆ. ಅಷ್ಟು ಕೋಪ ಇದೆ ನನಗೆ ಗಂಡನ ಮೇಲೆ."

ಹರ್ಷಿತಾ ಎಂಬ ಆ ಹೆಂಗಸು ಆರ್.ಟಿ. ನಗರದ ಮನೆಯ ವರಾಂಡಕ್ಕೆ ಬಂದು ಹೀಗೆ ಹೇಳಿದಾಗ ಡಾಕ್ಟರ್ ಬದರುನ್ನೀಸಾ ನನ್ನನ್ನು ಕೇರಂನಲ್ಲಿ ಸೋಲಿಸುವುದರಲ್ಲಿದ್ದರು. ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾದವರು ಅವರು. ಬಾಳಿನ ಬಹುಭಾಗವನ್ನು ಶವಗಳ ಜೊತೆ ಕಳೆದದ್ದರಿಂದಲೋ ಏನೋ, ಬದುಕಿದವರು ಅನಗತ್ಯವಾಗಿ ಮಾತಾಡುತ್ತಾರೆ ಎಂಬುದು ಅವರ ದೃಢ ನಂಬಿಕೆ. ಪೊಲೀಸರಿಗೆ ಬಗೆಹರಿಯದ ಕೆಲವು ಪ್ರಕರಣಗಳನ್ನು ಬಿಡಿಸಿಕೊಟ್ಟ ಮೇಲೆ ಇಂಥ ಅತಿಥಿಗಳು ಹೆಚ್ಚಾಗಿದ್ದರು. ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರಾದ ನಾನು ಅವರ ಸ್ಕೂಟರ್ ಓಡಿಸುವವನು, ಬೈಸಿಕೊಳ್ಳುವವನು, ಅವರು ಹೇಳಿದ್ದನ್ನು ಬರೆದಿಡುವವನು.

"ವಿಷಯ ಹೇಳು. ಕೋಪ ಆಮೇಲೆ," ಎಂದರು ಬದರುನ್ನೀಸಾ.

ವಿಷಯ ಹೀಗಿತ್ತು. ಹರ್ಷಿತಾಳ ಗಂಡ ಯೋಗಾನಂದ ಮತ್ತು ಅವನ ಅಣ್ಣ ಮುನೀಂದ್ರ ಬ್ಯಾಟರಾಯನಪುರದ ಹಳೆಯ ಮನೆತನದವರು. ಒಂದೇ ಕಾಂಪೌಂಡಿನಲ್ಲಿ ಎದುರುಬದುರು ಮನೆ. ಎದುರುಬದುರು ಆಗಿರುವುದಕ್ಕೆ ಅವರಿಗೆ ಮನೆಗಳ ಸಹಾಯ ಬೇಕಿರಲಿಲ್ಲ. ಮನೆದೇವರು ಮಾರಮ್ಮನ ಬೆಳ್ಳಿಯ ಮುಖ ಒಂದು ವರ್ಷ ಅಣ್ಣನ ಮನೆಯಲ್ಲಿದ್ದರೆ ಮುಂದಿನ ವರ್ಷ ತಮ್ಮನ ಮನೆಯಲ್ಲಿರಬೇಕು. ಈ ಶುಕ್ರವಾರ ಅದು ಯೋಗಾನಂದನ ಮನೆಗೆ ಬರಬೇಕಿತ್ತು. ಆದರೆ ಒಡಹುಟ್ಟಿದವರ ರಕ್ತ ಹರಿಸಿದ ಕೈ ಆ ಮುಖವನ್ನು ಮತ್ತೆಂದೂ ಮುಟ್ಟುವಂತಿಲ್ಲ ಎಂಬುದು ಕುಲದ ಕಟ್ಟಳೆ.

ಮಂಗಳವಾರ ಸಂಜೆ ಮುನೀಂದ್ರ ತಾರಸಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಬಲಗಿವಿಯ ಹಿಂದೆ ಗಾಯ, ಕುತ್ತಿಗೆಯ ತುಂಬ ರಕ್ತ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಒಳಗೇನೂ ಆಗಿಲ್ಲವೆಂದು ಹೊಲಿಗೆ ಹಾಕಿ ಕಳಿಸಿದರು. ಹಿಂದಿನಿಂದ ಯಾರೋ ಹೊಡೆದರು ಎಂದ ಅವನ ಮಾತನ್ನು ಯಾರೂ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದಾಗ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ನಾಲಿಗೆ ತೊದಲುತ್ತಿತ್ತು. ಆ ತೊದಲಿನಲ್ಲೇ ಅವನು ತಮ್ಮನ ಹೆಸರು ಹೇಳಿದ. ಪೊಲೀಸರು ಯೋಗಾನಂದನನ್ನು ಠಾಣೆಗೆ ಒಯ್ದರು.

"ಬಾಯಿ ಸೊಟ್ಟ ಆದ್ಮೇಲೆ ಹೆಸರು ಬಂತೋ, ಹೆಸರು ಬೇಕಾದ್ಮೇಲೆ ಬಾಯಿ ಸೊಟ್ಟ ಆಯ್ತೋ?"

"ಎರಡೂ ಒಟ್ಟಿಗೇ ಬಂತು."

"ಮತ್ತೆ ಆಸ್ಪತ್ರೆಗೆ ಹೋದ್ನಾ?"

"ಒಪ್ಪಲ್ಲ. ಮಾರಮ್ಮನೇ ವಾಸಿ ಮಾಡ್ತಾಳಂತೆ."

ಬದರುನ್ನೀಸಾ ಸ್ಟ್ರೈಕರ್ ಕೆಳಗಿಟ್ಟರು. "ಮೇಷ್ಟ್ರೇ, ಸ್ಕೂಟರ್ ತೆಗೀರಿ. ಸೋಲಿಂದ ಬಚಾವಾದ್ರಿ."

ಬ್ಯಾಟರಾಯನಪುರದಲ್ಲಿ ನಮ್ಮನ್ನು ಸ್ವಾಗತಿಸಿದವನು ಮುನೀಂದ್ರನ ಮನೆಯ ಮಹಡಿಯ ಬಾಡಿಗೆದಾರ ಫಕೀರಪ್ಪ. ಗದಗದ ಕಡೆಯವನು, ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಮಂಗಳವಾರ ಸಂಜೆ ಮುನೀಂದ್ರನ ಜೊತೆ ಅವನಿಗೂ ಜಗಳವಾಗಿತ್ತೆಂದು ಹರ್ಷಿತಾ ಹೇಳಿದ್ದಳು.

"ಜಗಳ ಆತ್ರೀ, ಇಲ್ಲ ಅನ್ನಂಗಿಲ್ಲ. ಮೋಟರ್ ಹಾಕಿ ಮರತು ಕುಂತಿದ್ದ ಈ ಮಾಲಕ. ಟ್ಯಾಂಕ್ ತುಂಬಿ ಮೆಟ್ಟಲ ಮ್ಯಾಲೆಲ್ಲ ನೀರು ಹರೀಲಿಕತ್ತಿತ್ತು. ಕೇಳಿದ್ರ, ನಿಮ್ಮಪ್ಪಂದೇನು ನೀರು ಅಂದ."

"ಅದಕ್ಕೆ ಹೊಡೆದ್ಯಾ?"

"ಬಡೀಬೇಕು ಅಂತ ಭಾಳ ಅನಸಿತ್ತು ನೋಡ್ರಿ. ನಾ ಚಪ್ಪಲಿ ಹಾಕ್ಕೊಂಡು ಹೊರಗ ಬರೂದ್ರಾಗ ಬಿದ್ದಿದ್ದ." ಅವನು ದನಿ ತಗ್ಗಿಸಿದ. "ಇನ್ನೊಂದು ಹೇಳತೀನಿ. ನಿನ್ನೆ ಟೀವಿ ನೋಡಿ ಎರಡೂ ಕಡೆ ಬಾಯಿ ಅಗಲಿಸಿ ನಕ್ಕಾನ್ರೀ ಆ ಮನಶ್ಯಾ!"

ನಾನು ಗೆದ್ದವನಂತೆ ಬದರುನ್ನೀಸಾ ಕಡೆ ನೋಡಿದೆ.

"ಅದು ಸಾಕ್ಷಿ ಅಲ್ಲ," ಎಂದು ಅವರು ಮುಂದೆ ನಡೆದರು.

ಮುನೀಂದ್ರನ ಜಗಲಿಯಲ್ಲಿ ಅವನ ತಾಯಿ ಮುನಿಕೆಂಪಮ್ಮ ಗಾಲಿಕುರ್ಚಿಯಲ್ಲಿದ್ದರು. ಹಿಂದೊಮ್ಮೆ ಲಕ್ವ ಹೊಡೆದು ಅವರ ಬಲಗೈ ಸೋತಿತ್ತು, ಬಾಯಿಯ ಬಲಮೂಲೆ ಜೋತುಬಿದ್ದಿತ್ತು. ಎದುರಿನ ಸೋಫಾದಲ್ಲಿ ಮುನೀಂದ್ರ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ನಮ್ಮನ್ನು ಕಂಡದ್ದೇ ಅವನ ಹುಬ್ಬುಗಳು ಮೇಲೇರಿ, ಹಣೆಯ ಈ ತುದಿಯಿಂದ ಆ ತುದಿಯವರೆಗೆ ಗೆರೆ ಮೂಡಿದವು.

"ಯಾಯು ಕಯ್ಸಿದ್ದು ಇವಯ್ನ?" ಎಂದ. ಯಾರು ಕಳಿಸಿದ್ದು ಎಂದು ಅರ್ಥ.

"ನಿನ್ನ ಯೋಗಕ್ಷೇಮ," ಎಂದ ಬದರುನ್ನೀಸಾ ಅವನ ಮುಖಕ್ಕೆ ಟಾರ್ಚ್ ಹಿಡಿದರು. ಅವನು ಎರಡು ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿದ. ಹಲ್ಲು ತೋರಿಸು ಎಂದರೆ ತುಟಿ ಎಡಕ್ಕೆ ಎಳೆಯಿತು. ನಾಲಿಗೆ ಚಾಚು ಎಂದರೆ ಅದೂ ಎಡಕ್ಕೇ ಹೊರಳಿತು. ಬಳಿಕ ಅವರು ಮುನಿಕೆಂಪಮ್ಮನ ಮುಂದೆ, ನಮಗೆ ಬೆನ್ನು ಹಾಕಿ, ಬಹಳ ಹೊತ್ತು ಬಾಗಿದ್ದರು.

ಮನೆಗೆ ಮರಳಿದ ಮೇಲೆ ನಾನು ಕನ್ನಡಿಯ ಮುಂದೆ ನಿಂತು ಬಾಯಿಯನ್ನು ಎಡಕ್ಕೆ ಸೊಟ್ಟಗೆ ಮಾಡಿ ನಾಲಿಗೆ ಚಾಚಿದೆ. ಅದೂ ಎಡಕ್ಕೇ ಹೋಯಿತು.

"ನಿಮಗೂ ಹಾಗೇ ಅನ್ನಿಸ್ತಾ?" ಬಾಗಿಲಲ್ಲಿ ಬದರುನ್ನೀಸಾ ನಿಂತಿದ್ದರು. "ಚೆನ್ನಾಯ್ತು. ಬುದ್ಧಿವಂತರೆಲ್ಲ ಅಲ್ಲೇ ಎಡವೋದು."

ಶುಕ್ರವಾರ ಅಂಗಳದಲ್ಲಿ ಕುಲದ ಹಿರಿಯರು ಸೇರಿದರು. ಮಣೆಯ ಮೇಲೆ ಬೆಳ್ಳಿಯ ಮುಖ. ಒಂದು ಬದಿಗೆ ಮುನೀಂದ್ರ, ಇನ್ನೊಂದು ಬದಿಗೆ ಸಬ್‌ಇನ್ಸ್‌ಪೆಕ್ಟರ್ ಜೊತೆ ಗಡ್ಡ ಬೆಳೆದ ಯೋಗಾನಂದ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿದ ರೀತಿಯಲ್ಲಿ ಹಾಲು ಇಟ್ಟಿದ್ದರೆ ಒಡೆಯುತ್ತಿತ್ತು.

"ನೀನ್ಯಾರವ್ವ? ನಮ್ಮ ಮಾರಮ್ಮನ ಯವಾರದಾಗೆ ನಿಂಗೇನು ಕೆಲ್ಸ?" ಎಂದರು ಯಜಮಾನ ಮುನಿಆಂಜಿನಪ್ಪ.

"ನಾನು ಮುಖ ಬಿಚ್ಚಿ ಒಳಗೆ ಏನಿದೆ ಅಂತ ನೋಡಿರೋಳು ಯಜಮಾನ್ರೇ. ನೀವು ಹೊರಗಿಂದ ಮಾತ್ರ ನೋಡಿದ್ದೀರ. ಕೂತ್ಕೊಳ್ಳಿ."

ಯಜಮಾನರು ಕೂತರು. ಏಕೆ ಕೂತೆ ಎಂದು ಅವರಿಗೇ ತಿಳಿದಂತೆ ಕಾಣಲಿಲ್ಲ.

"ಮುಖದ ಒಂದೊಂದು ಬದಿಗೂ ಒಂದೊಂದು ನರ," ಬದರುನ್ನೀಸಾ ಶುರುಮಾಡಿದರು. "ಕಿವಿಯ ಹಿಂದಿಂದ ಹೊರಗೆ ಬಂದು ಹಣೆ, ಕಣ್ಣು, ಕೆನ್ನೆ, ತುಟಿ ಎಲ್ಲಕ್ಕೂ ಕವಲೊಡೆಯುತ್ತೆ. ಕಿವಿಯ ಹಿಂದೆ ಪೆಟ್ಟು ಬಿದ್ದು ಅದು ಕೆಟ್ಟರೆ, ಬೀದಿ ತುದಿಯಲ್ಲಿ ಕರೆಂಟ್ ತಂತಿ ಕಡಿದ ಹಾಗೆ: ಬೀದಿಯೆಲ್ಲ ಕತ್ತಲೆ. ಆ ಕಡೆ ಹುಬ್ಬು ಏರಲ್ಲ, ಕಣ್ಣು ಮುಚ್ಚಲ್ಲ. ಮುನೀಂದ್ರಂಗೆ ಹುಬ್ಬೂ ಏರುತ್ತೆ, ಕಣ್ಣೂ ಮುಚ್ಚುತ್ತೆ. ಬಾಯಿ ಮಾತ್ರ ಸೊಟ್ಟ. ಪೆಟ್ಟಿಂದ ಹೀಗಾಗಲ್ಲ."

"ಅಂಗಾರೆ ಇನ್ಯಾತರಿಂದ ಆಗ್ತದೆ?"

"ಲಕ್ವದಿಂದ. ಹಣೆಗೆ ಮೆದುಳಿನ ಎರಡೂ ಭಾಗದಿಂದ ಅಪ್ಪಣೆ ಬರುತ್ತೆ. ಒಂದು ಕಡೆ ಕೆಟ್ಟರೂ ಇನ್ನೊಂದು ನಡೆಸುತ್ತೆ. ಬಾಯಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಫಕೀರಪ್ಪ ನೋಡಿದ ನಗುವನ್ನ ನಾನು ಸಾಕ್ಷಿ ಅಂತ ತಗೊಳ್ಳಲಿಲ್ಲ. ಲಕ್ವ ಆದವರು ಬೇಕೂಂತ ನಗೋಕೆ ಆಗದಿದ್ರೂ ತಾನಾಗಿ ಬಂದ ನಗುವನ್ನ ಕೆಲವೊಮ್ಮೆ ಎರಡೂ ಕಡೆ ನಗ್ತಾರೆ."

"ಹಂಗಾರ ಅಂವಗ ಖರೇನ ಲಕ್ವ ಐತೇನ್ರಿ?" ಎಂದ ಫಕೀರಪ್ಪ ನಿರಾಸೆಯಿಂದ.

"ಈ ಮನೇಲಿ ಅದು ಒಬ್ಬರಿಗೇ ಇರೋದು. ಅಮ್ಮನ ಕುರ್ಚಿ ಇವನ ಪಕ್ಕಕ್ಕೆ ತನ್ನಿ."

ಎರಡು ಮುಖಗಳು ಅಕ್ಕಪಕ್ಕ ಬಂದವು. ಒಂದೇ ಬಲಮೂಲೆ, ಒಂದೇ ಜೋಲು.

"ದಿನಾ ಎದುರು ಸೋಫಾದಲ್ಲಿ ಕೂತು ಕಲಿತ ಬಾಯಿ ಇದು. ಸೊಟ್ಟಬಾಯಿ ಅಂದ್ರೆ ಇವನಿಗೆ ಗೊತ್ತಿದ್ದದ್ದು ತಾಯಿಯದೊಂದೇ. ಪೆಟ್ಟಿಗೆ ಬೇರೆ ಮುಖ, ಲಕ್ವಕ್ಕೆ ಬೇರೆ ಮುಖ ಅಂತ ತಿಳೀಲಿಲ್ಲ. ಇನ್ನು ನಾಲಿಗೆ. ಅಮ್ಮನ ನಾಲಿಗೆ ಯಾವ ಕಡೆ ಹೊರಳುತ್ತೆ? ಮುನೀಂದ್ರ, ತಾಯಿ ನಿನ್ನ ಮನೇಲೇ ಇದ್ದಾರಲ್ಲ, ಹೇಳು."

ಮುನೀಂದ್ರ ತಾಯಿಯ ಸೊಟ್ಟಬಾಯಿ ನೋಡಿದ. "ಎಯಕ್ಕೆ," ಎಂದ. ಎಡಕ್ಕೆ.

"ಬಲಕ್ಕೆ," ಎಂದಳು ಹರ್ಷಿತಾ ಹಿಂದಿನಿಂದ. "ಅಂಗಳ ದಾಟಿ ಬಂದು ದಿನಾ ಬೆಳಿಗ್ಗೆ ಬೆರಳಿಗೆ ಬಟ್ಟೆ ಸುತ್ತಿ ಬಾಯಿ ಒರೆಸೋಳು ನಾನು. ತುತ್ತು ಸಿಕ್ಕೊಳ್ಳೋದು ಬಲಗೆನ್ನೇಲಿ, ನಾಲಿಗೆ ಹೋಗೋದೂ ಬಲಕ್ಕೇ."

ಬದರುನ್ನೀಸಾ ಕೇಳಿದಾಗ ಮುನಿಕೆಂಪಮ್ಮ ನಾಲಿಗೆ ಚಾಚಿದರು. ಅದು ಬಲಕ್ಕೆ ಹೊರಳಿತು.

"ತುಟಿಯದು ಹಗ್ಗಜಗ್ಗಾಟ, ಬಲ ಇರೋ ಕಡೆಗೆ ಎಳ್ಕೊಳ್ಳುತ್ತೆ. ನಾಲಿಗೆಯದು ಹಾಗಲ್ಲ. ಅದರ ಸ್ನಾಯು ಹಿಂದಿಂದ ತಳ್ಳುತ್ತೆ. ಗಾಡಿಯನ್ನ ಇಬ್ಬರು ತಳ್ಳುವಾಗ ಬಲಗಡೆಯೋನು ಸೋತರೆ ಗಾಡಿ ಬಲಕ್ಕೇ ತಿರುಗುತ್ತೆ. ಇವನದು ಲಕ್ವ ಆಗಿದ್ರೆ ನಾಲಿಗೆ ಬಲಕ್ಕೆ ಹೋಗಬೇಕಿತ್ತು. ಪೆಟ್ಟಿಂದ ಮುಖದ ನರ ಕೆಟ್ಟಿದ್ರೆ ನೆಟ್ಟಗಿರಬೇಕಿತ್ತು; ನಾಲಿಗೆಯ ನರವೇ ಬೇರೆ. ಎಡಕ್ಕೆ ಹೋಗೋಕೆ ಕಾರಣ ಒಂದೇ, ಇವನು ಎಡಕ್ಕೆ ಚಾಚಿದ. ಬಾಯಿ ಮುಚ್ಚಿದ ತಾಯೀನ ಮಾತ್ರ ನೋಡಿದ್ದ. ಒಂದು ತುತ್ತು ಕೊಟ್ಟಿದ್ರೆ ನಾಲಿಗೆ ಕಾಣ್ತಿತ್ತು."

"ಗಾಯ ಹೆಂಗಾತು?" ಎಂದರು ಸಬ್‌ಇನ್ಸ್‌ಪೆಕ್ಟರ್.

"ಮೋಟರ್ ಮರೆತ, ಮೆಟ್ಟಿಲು ಒದ್ದೆಯಾಯ್ತು. ನಿಲ್ಲಿಸೋಕೆ ಓಡಿ ಜಾರಿದ. ಬಿದ್ದ ಮೇಲೆ ರಕ್ತ ಕಂಡು ಕಟ್ಟಳೆ ನೆನಪಾಯ್ತು. ಗಾಯಕ್ಕೆ ಯಾರೂ ಬೆಲೆ ಕೊಡಲಿಲ್ಲ. ಬೆಳಿಗ್ಗೆ ಬಾಯೂ ಸೇರ್ಕೊಳ್ತು."

"ಎಲ್ಲಾ ಸುಳ್ಳು!" ಮುನೀಂದ್ರ ಎದ್ದು ನಿಂತ. ತೊದಲು ಎಲ್ಲಿ ಹೋಯಿತೋ. "ಮೆಟ್ಟಿಲು ಜಾರಿತ್ತು, ಸರಿ. ಆದ್ರೆ ಇವನ ಮನೆಗೆ ಹೋದ್ರೆ ಮಾರಮ್ಮ ಮತ್ತೆ ವಾಪಸ್ ಬರ್ತಾಳಾ? ಆಣೆ ಮಾಡಿ ಹೇಳ್ಲಿ! ಎಷ್ಟು ಸಲ ಅಂದಿಲ್ಲ, ಒಂದ್ಸಲ ಬರ್ಲಿ ನೋಡ್ಕೋತೀನಿ ಅಂತ?"

"ಅಂದಿದ್ದೀನಿ," ಎಂದ ಯೋಗಾನಂದ. "ಈಗ್ಲೂ ಅಂತೀನಿ ಕಣೋ."

ಸಬ್‌ಇನ್ಸ್‌ಪೆಕ್ಟರ್ ಯೋಗಾನಂದನ ತೋಳು ಬಿಟ್ಟು ಮುನೀಂದ್ರನ ತೋಳು ಹಿಡಿದರು. ಇಲ್ಲದ ರಕ್ತವನ್ನು ತಮ್ಮನ ಕೈಗೆ ಬಳಿದವನಿಗೆ ಯಾವ ದಂಡ ಎಂಬುದು ಕಟ್ಟಳೆಯಲ್ಲಿ ಇರಲಿಲ್ಲ. ಮುಖವನ್ನು ಯಾರು ಎತ್ತಿ ಯಾರ ಕೈಗೆ ಕೊಡಬೇಕು ಎಂದು ಮುನಿಆಂಜಿನಪ್ಪನವರು ಕೂಗಾಡತೊಡಗಿದರು. ಉಳಿದ ಹಿರಿಯರು ಅವರ ಮೇಲೆ ಕೂಗಾಡತೊಡಗಿದರು.

ಆ ಗದ್ದಲದ ನಡುವೆ ಹರ್ಷಿತಾ ಗಾಲಿಕುರ್ಚಿಯ ಹಿಡಿ ಹಿಡಿದು ಅಂಗಳ ದಾಟಿಸತೊಡಗಿದಳು.

"ಎಲ್ಲಿಗೆ ಕಣಮ್ಮೀ? ಇನ್ನೂ ಮಾತು ಮುಗ್ದಿಲ್ಲ," ಎಂದರು ಯಜಮಾನರು.

"ನೀವು ಮುಗಿಸ್ಕೊಳ್ಳಿ. ಅತ್ತೆ ಇನ್ಮೇಲೆ ನಮ್ಮನೇಲಿ. ದಿನಾ ಬೆಳಿಗ್ಗೆ ಇಲ್ಲಿ ಬಂದು ಈ ಯಪ್ಪನ ಮುಖ ನೋಡೋದು ನಂಗೆ ಸಾಕಾಗಿದೆ."

ಎದುರು ಮನೆಯ ಹೊಸ್ತಿಲು ಎತ್ತರವಿತ್ತು; ಮುಂದಿನ ಗಾಲಿ ತಡೆದು ನಿಂತಿತು. ಯೋಗಾನಂದ ಬೆಳ್ಳಿಯ ಮುಖವನ್ನೊಮ್ಮೆ ನೋಡಿದ. ಅದಕ್ಕಾಗಿ ಠಾಣೆಯ ನೆಲದ ಮೇಲೆ ಮಲಗಿ ಬಂದಿದ್ದ. ಕೈ ಚಾಚಿದರೆ ಸಿಗುತ್ತಿತ್ತು. ಹೆಂಡತಿ ತಿರುಗಿ ನೋಡಿದಳು, ಕರೆಯಲಿಲ್ಲ. ಅವನು ಮಣೆಯನ್ನು ಬಳಸಿಕೊಂಡು ಹೋಗಿ, ಬಗ್ಗಿ, ಕುರ್ಚಿಯ ಮುಂದಿನ ಗಾಲಿ ಎತ್ತಿದ.