ಬಾಗಿಲು ಮುಚ್ಚಿದ ಆರ್ಗನ್

“ಕೈ ತೆಗೀರಿ! ಅದೇನು ನಿಮ್ಮನೆ ಬಟ್ಟೆ ಬೀರುವೇನ್ರೀ?”

ಇಗರ್ಜಿಯ ಮಹಡಿಯಲ್ಲಿ ನಿಂತಿದ್ದ ಅಪರಿಚಿತ ಬೆಚ್ಚಿಬಿದ್ದು ಕೈ ಹಿಂತೆಗೆದ. ಮೂರು ಶತಮಾನ ಹಳೆಯ ಕೊಳವೆವಾದ್ಯ ಆರ್ಗನ್ನಿನ ಬಣ್ಣದ ಬಾಗಿಲಿಗೆ ಅವನ ಬೆರಳು ಇನ್ನೇನು ತಾಗುವುದರಲ್ಲಿತ್ತು.

ಹಿಲ್ಕೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಕೊರಳಲ್ಲಿ ಭೂತಗನ್ನಡಿ, ಕಂಕುಳಲ್ಲಿ ಹಾಳೆಗಳ ಕಟ್ಟು, ಕೆಸರು ಕಾಣದ ಪಟ್ಟಣದ ಬೂಟು. ಓಹೋ... ಅಂಚೆ ಇಲಾಖೆ ಕಳಿಸುತ್ತೇವೆ ಎಂದಿದ್ದ ಮಹಾಶಯ ಇವನೇ ಇರಬೇಕು!

“ನಾನು ಯೋಸ್ಟ್. ಅಂಚೆ ಚೀಟಿಗೆ ಚಿತ್ರ ಕೊರೆಯೋನು. ಈ ಬಾಗಿಲು ತೆಗೆದರೆ ಒಳಗಿನ ಕೊಳವೆಗಳನ್ನ...”

“ಈಸ್ಟರ್‌ಗೆ ಮುಂಚಿನ ಈ ಯಾತನೆಯ ವಾರದಲ್ಲಿ ಇದು ನುಡಿಯೋದಿಲ್ಲ, ಬಾಗಿಲೂ ತೆಗೆಯೋದಿಲ್ಲ. ಈಸ್ಟರ್ ಬೆಳಗ್ಗೆ ಬನ್ನಿ.”

“ಶನಿವಾರವೇ ನಾನು ಚಿತ್ರ ಒಪ್ಪಿಸಬೇಕಲ್ಲ!”

“ಅಯ್ಯೋ ಪಾಪ! ಯೇಸುಸ್ವಾಮಿಗೆ ಹೇಳಿ ನೋಡಿ, ನಿಮಗೋಸ್ಕರ ಒಂದು ದಿನ ಮೊದಲೇ ಎದ್ದು ಬರ್ತಾನೇನೋ.”

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು.

ವಾದಕನಾಗಿದ್ದ ತಂದೆ ತೀರಿಕೊಂಡ ಮೇಲೆ ಓಸ್ಟರ್‌ವಾರ್ಫ್ ಹಳ್ಳಿಯ ಆರ್ಗನ್ ಹಿಲ್ಕೆಯ ಪಾಲಿಗೆ ಬಂದಿತ್ತು. ಅದೇ ಅವಳ ಕಸುಬು, ಅದೇ ಅವಳ ಪ್ರಾರ್ಥನೆ. ಅದನ್ನು ನಾಲಿಗೆಯಲ್ಲಿ ನೆಕ್ಕಿ ಅಂಟಿಸುವ ಚೂರು ಕಾಗದಕ್ಕೆ ಇಳಿಸುವವನೂ ಒಬ್ಬ ಕಲಾವಿದನೇ?

ಸಂಜೆ ಹಿಲ್ಕೆಯ ಸೋದರತ್ತೆ ಓಕ್ಕಾ ಅವನನ್ನು ಚಹಕ್ಕೆ ಕರೆದಳು. ಬಟ್ಟಲ ತಳದಲ್ಲಿ ಕಲ್ಲುಸಕ್ಕರೆ ಚಟಪಟ ಅಂದಿತು. ಮೇಲೆ ಕೆನೆ ಮೋಡದಂತೆ ಅರಳಿತು. ಯೋಸ್ಟ್ ಚಮಚ ಎತ್ತಿಕೊಂಡು ಗರಗರ ಕಲಕಿದ!

ಅತ್ತೆ ಎದೆ ಮುಟ್ಟಿಕೊಂಡಳು. “ಕಲಕಿಬಿಟ್ಯೇನಪ್ಪಾ! ನಮ್ಮೂರ ಚಹ ಕಲಕದೆ ಹಾಗೇ ಕುಡೀಬೇಕು!”

“ಬಿಡಿ ಅತ್ತೆ, ಪಟ್ಟಣದವರು,” ಎಂದಳು ಹಿಲ್ಕೆ. “ಕೆನೆಗೂ ಕೆಸರಿಗೂ ವ್ಯತ್ಯಾಸ ಗೊತ್ತಿಲ್ಲ.”

ಆದರೆ ಅವನು ಹೊರಟುಹೋಗಲಿಲ್ಲ. ದಿನವೂ ಇಗರ್ಜಿಯ ಬೆಂಚಿನಲ್ಲಿ ಕುಳಿತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಬುಧವಾರ ಮೆಲ್ಲನೆ ಕೇಳಿದ, “ಯಾಕೆ ಮುಚ್ಚೋದು?”

“ಸ್ವಾಮಿ ಶಿಲುಬೆ ಮೇಲೆ ಉಸಿರಿಗೆ ಒದ್ದಾಡೋವಾಗ ಇದು ಹಾಯಾಗಿ ಉಸಿರಾಡಬಾರದು ಅಂತ ಅಪ್ಪ ಹೇಳ್ತಿದ್ರು.”

ಯೋಸ್ಟ್ ಪೆನ್ಸಿಲ್ ಕೆಳಗಿಟ್ಟ. ಅದನ್ನು ಕಂಡು ಹಿಲ್ಕೆಯ ಎದೆಯೊಳಗೆ ಏನೋ ಸರಿದಂತಾಯಿತು... ಛೀ! ಚಹ ಕಲಕುವವನಿಗೆ ಕರಗುವುದೇ?

ಶುಭ ಶುಕ್ರವಾರ ಅವಳು ಆರಾಧನೆಗೆ ಬಂದಾಗ ಆರ್ಗನ್ನಿನ ಎರಡೂ ಬಾಗಿಲು ಅಗಲವಾಗಿ ತೆರೆದಿದ್ದವು. ಕೊಳವೆಗಳು ನಾಚಿಕೆಯಿಲ್ಲದೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಯೋಸ್ಟ್. ಅವನ ಹಿಂದೆ ಇಗರ್ಜಿ ಸಮಿತಿಯ ಯಜಮಾನ, ಬೆಣ್ಣೆ ವ್ಯಾಪಾರಿ ರೆಮ್ಮರ್.

“ಕೇಳಿ ತಿಳ್ಕೊಂಡು, ಆಮೇಲೂ ತೆಗೆದ್ರಾ?” ಅವಳು ಯೋಸ್ಟನ ಎದುರು ಬಂದು ನಿಂತಳು. “ನೆಕ್ಕಿ ಅಂಟಿಸೋ ಕಾಗದಕ್ಕೋಸ್ಕರ? ಥೂ! ನಿಮ್ಮ ಮುಖ ನೋಡೋಕೂ ಅಸಹ್ಯ ಆಗುತ್ತೆ. ಹೋಗಿ!”

ಯೋಸ್ಟ್ ಬಾಯಿ ತೆರೆದ. ರೆಮ್ಮರನ ಕಡೆ ನೋಡಿದ. ಮತ್ತೆ ಬಾಯಿ ಮುಚ್ಚಿ, ಹಾಳೆ ಎತ್ತಿಕೊಂಡು ಹೊರಟುಹೋದ.

ಬಾಗಿಲು ಮುಚ್ಚುವಾಗ ಅವಳ ಕಣ್ಣು ಯಾಕೆ ತುಂಬಿತೋ, ಅವಳಿಗೇ ತಿಳಿಯಲಿಲ್ಲ.

ಶರತ್ಕಾಲದಲ್ಲಿ ಅಂಚೆ ಚೀಟಿ ಹೊರಬಂತು. ಬಿಡುಗಡೆ ಅದೇ ಇಗರ್ಜಿಯಲ್ಲಿ. ರೆಮ್ಮರ್ ಹೊಸ ಕೋಟು ತೊಟ್ಟು, ಹಬ್ಬದ ಹುಂಜದ ಹಾಗೆ ಎದೆಯುಬ್ಬಿಸಿ, ಚೀಟಿಯ ದೊಡ್ಡ ಪ್ರತಿಯ ಮೇಲಿನ ಬಟ್ಟೆ ಸರಿಸಿದ.

ಕೊಳವೆಗಳಿಲ್ಲ. ಬರೀ ಮುಚ್ಚಿದ ಎರಡು ಬಾಗಿಲು!

“ಇದೇನು, ಬಟ್ಟೆ ಬೀರು!” ಯಾರೋ ಕೂಗಿದರು. ಇಡೀ ಇಗರ್ಜಿ ಗೊಳ್ಳೆಂದಿತು.

ರೆಮ್ಮರನ ಮುಖ ಬೀಟ್‌ರೂಟಾಯಿತು. ಮೂಲೆಯಲ್ಲಿ ಕುಳಿತಿದ್ದ ಯೋಸ್ಟನತ್ತ ಬೆರಳು ಚಾಚಿದ. “ಮುಠ್ಠಾಳ! ನಾನೇ ಕೈಯಾರೆ ಬಾಗಿಲು ತೆಗೆದುಕೊಟ್ಟೆ. ನೋಡಯ್ಯಾ ಅಂದ್ರೆ ಬೆನ್ನು ತಿರುಗಿಸಿ ನಿಂತ!”

ಹಿಲ್ಕೆ ಎದ್ದು ನಿಂತಳು. “ಏನಂದ್ರಿ? ತೆಗೆದದ್ದು... ನೀವಾ?”

ನಗು ನಿಂತುಹೋಯಿತು.

“ಯೋಸ್ಟ್, ಅವತ್ತು ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಅಲ್ಲೇ ಇವರ ಮೇಲೆ ಬೀಳ್ತಿದ್ರಿ. ನೀವು ಬಾಯಿ ಮಾಡಿದ್ರೆ ಆರ್ಗನ್ ಮುಂದೆ ನಿಮ್ಮ ಬದಲು ಬೇರೆಯವರನ್ನ ಕೂರಿಸ್ತೀನಿ ಅಂದಿದ್ರು.” ಅವನು ತಲೆ ತಗ್ಗಿಸಿದ. “ಬೈಗುಳ ನನಗೊಬ್ಬನಿಗೇ ಬೀಳಲಿ ಅನ್ನಿಸ್ತು.”

ಹಿಲ್ಕೆಗೆ ತಾನು ಉಗಿದದ್ದೆಲ್ಲ ತನ್ನ ಮೇಲೇ ಬಿದ್ದಂತಾಯಿತು. ಅವಳು ರೆಮ್ಮರನ ಕಡೆ ತಿರುಗಿದಳು.

“ಕೂರಿಸಿ ನೋಡಿ ಸ್ವಾಮಿ! ನಿಮ್ಮ ಕೊಟ್ಟಿಗೆಯಲ್ಲಿ ಯಾವ ಹಸು ಚೆನ್ನಾಗಿ ನುಡಿಸುತ್ತೆ?”

ರೆಮ್ಮರ್, ಆರ್ಗನ್ನಿಗೆ ಗಾಳಿ ತುಂಬಲು ಅದರ ಹಿಂದೆ ತಿದಿ ತುಳಿಯುವ ಮುದುಕನ ತೋಳು ಹಿಡಿದ. “ನಡಿ ಮನೆಗೆ. ಗಾಳಿ ಇಲ್ಲದೆ ಅದೇನು ನುಡಿಸ್ತಾಳೋ ನೋಡೋಣ.” ಅವನ ಹಿಂದೆ ಎಲ್ಲರೂ ಕುರಿಮಂದೆಯಂತೆ ಹೊರಗೆ ನಡೆದರು. ಓಕ್ಕಾ ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಮುಗುಳ್ನಕ್ಕು, ತಾನೂ ಜಾರಿಕೊಂಡಳು.

ಇಬ್ಬರೇ ಉಳಿದರು.

“ನಾನು ತುಳೀಲಾ?” ಕೇಳಿದ ಯೋಸ್ಟ್. “ಇದರ ದನಿ ಹೇಗಿದೆ ಅಂತ ನನಗೆ ಇನ್ನೂ ಗೊತ್ತಿಲ್ಲ.”

“ಅದಕ್ಕೆ ಮೈಭಾರ ಬೇಕು, ಭೂತಗನ್ನಡಿ ಅಲ್ಲ.” ಅಭ್ಯಾಸಬಲ! ಅವಳು ನಾಲಿಗೆ ಕಚ್ಚಿಕೊಂಡಳು. “...ಬನ್ನಿ.”

ಅವನು ಆರ್ಗನ್ನಿನ ಹಿಂದೆ ಹೋದ. ತಿದಿಗಳು ನಿಟ್ಟುಸಿರಿಟ್ಟವು. ಅವಳ ಬೆರಳು ಇಳಿಯಿತು. ಕಲ್ಲಿನ ಗೋಡೆಗಳೇ ಸ್ತುತಿ ಹಾಡಿದಂತೆ ನಾದ ಎದ್ದಿತು. ಈ ಮರದ ಗೋಡೆಯ ಆಚೆ ಅವನಿದ್ದಾನೆ... ಮುಖ ಕಾಣದಿರುವಾಗಲೇ ಹೇಳಿಬಿಡಬೇಕು!

“ಯೋಸ್ಟ್, ತಪ್ಪಾಯ್ತು!”

“ಏನು? ಕೇಳಿಸ್ತಿಲ್ಲ!”

“ತಪ್ಪಾಯ್ತು ಅಂದೆ!”

“ಇನ್ನೂ ಜೋರಾಗಿ!”

“ಸೊಕ್ಕು ನೋಡು!” ಅವಳು ಅಳುತ್ತಲೇ ನಕ್ಕಳು. ನುಡಿಸುತ್ತಲೇ, ನಾದದ ಅಬ್ಬರದ ಮೇಲೆ ಕಿರುಚಿದಳು. “ಕೋಪಕ್ಕೆ ಬೈದೆ... ಆದರೆ ನಾನು... ನಾನು ನಿಮ್ಮನ್ನ ಪ್ರೀತಿಸ್ತೀನಿ!”

ಅಷ್ಟರಲ್ಲಿ ಗಾಳಿ ನಿಂತಿತು. ಸ್ವರಗಳು ಒಂದೊಂದಾಗಿ ಸೊರಗಿ ಸತ್ತವು. ಅವಳ ಕೊನೆಯ ಮಾತು ಮಾತ್ರ ಬರಿದಾದ ಇಗರ್ಜಿಯಲ್ಲಿ ಗಂಟೆಯಂತೆ ಮೊಳಗಿತು.

ಯೋಸ್ಟ್ ಏದುಸಿರು ಬಿಡುತ್ತಾ ಎದುರು ಬಂದು ನಿಂತ.

“ಯಾಕೆ... ಯಾಕೆ ನಿಲ್ಲಿಸಿದ್ರಿ?”

“ಕಾಲೇ ಓಡಲಿಲ್ಲ, ಹಿಲ್ಕೆ. ನಾನೂ ಅದನ್ನೇ ಹೇಳೋಕೆ ಬಂದಿದ್ದೆ.” ಅವನ ಕಣ್ಣು ತೇವವಾಗಿತ್ತು. “ಹೊರಗಿನವರಿಗೂ ಕೇಳಿಸಿರುತ್ತೆ.”

“ಕೇಳಲಿ!” ಅವಳು ಕೆನ್ನೆ ಒರೆಸಿಕೊಂಡಳು. “ಹೋಗು, ತುಳಿ. ಸ್ತುತಿಗೀತೆ ಅರ್ಧಕ್ಕೆ ನಿಂತಿದೆ.”

“ಮುಗಿದ ಮೇಲೆ?”

“ಇನ್ನೊಂದು ಶುರು ಮಾಡ್ತೀನಿ... ನೀನು ಹೋಗದ ಹಾಗೆ.”