ಬಾಲದ ಕಡೆ

ನಮ್ಮ ಬಾರ್ನೆಗಟ್ ಕೊಲ್ಲಿಯಲ್ಲಿ ಬೇಟೆಗಾರ ಗಾಳಿಗೆ ಬೆನ್ನು ಕೊಟ್ಟು ದೋಣಿಯಲ್ಲಿ ಅಡಗುತ್ತಾನೆ. ಎದುರು ತೇಲಿಬಿಟ್ಟ ಮರದ ಬಾತುಗಳು ಗಾಳಿಗೆ, ಎಂದರೆ ಅವನಿಗೇ, ಮುಖ ಮಾಡಿರುತ್ತವೆ. ಅವನ್ನು ಜೀವಂತ ಬಾತುಗಳೆಂದು ನಂಬಿದ ಹಕ್ಕಿಗಳು ಬಾಲದ ಕಡೆಯಿಂದ ಇಳಿದು ಅವನ ಕೋವಿಯ ಗುಂಡಿಗೆ ಬಲಿಯಾಗುತ್ತವೆ.

ಅಪ್ಪ ಕೆತ್ತಿದ ಬಾತುಗಳನ್ನು ಅಣ್ಣ ಹಾರ್ವಿ, ಅಪ್ಪನ ಉಸಿರು ನಿಲ್ಲುವುದನ್ನೂ ಕಾಯದೆ, ಹಳೆಯ ಬೇಟೆ ಸಾಮಾನು ಸಂಗ್ರಹಿಸುವ ಪ್ರೆಂಟಿಸ್‌ಗೆ ಮಾರಿದ್ದ. ಅಪ್ಪನನ್ನು ಮಣ್ಣು ಮಾಡಿದ ಮೇಲೆ ಪ್ರೆಂಟಿಸ್ ಅವನ್ನೆಲ್ಲ ವಾಪಸು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು.

“ಗಾಜಿನ ಕಪಾಟಿನೊಳಗೆ ತಾವೇ ತಿರುಗ್ತವೆ. ನನಗೆ ಬೇಡಪ್ಪ.”

“ಒಣಕಟ್ಟಿಗೆಗೆ ಹೆದರ್ತೀರಲ್ರೀ,” ಎಂದು ಅಣ್ಣ ನಕ್ಕು ಅವರನ್ನು ಕಳಿಸಿದ.

ಮಧ್ಯಾಹ್ನ ಕಪ್ಪೆಚಿಪ್ಪಿನ ಸಾರು ಬಡಿಸುವಾಗ ನೋಡಿದೆ, ಬಾಲಗಳೆಲ್ಲ ಅಣ್ಣನ ಕಡೆಗಿದ್ದವು.

“ನೀನೇ ತಿರುಗಿಸಿಟ್ಟಿದೀಯ. ನಿನ್ನ ಹೊಟ್ಟೆಕಿಚ್ಚು ನಂಗೊತ್ತಿಲ್ವೇನೇ?” ಎಂದು ಬೈದು ಅವನು ಎದುರಿನ ಕುರ್ಚಿಗೆ ಹೋದ.

ನನ್ನ ಕೈಯಲ್ಲಿ ಸೌಟಿತ್ತು. ಮರ ಮೇಜಿಗೆ ಉಜ್ಜುವ ಸದ್ದು ಕೇಳಿತು. ಅವನ ಬಟ್ಟಲು ತುಂಬುವಷ್ಟರಲ್ಲಿ ಬಾಲಗಳು ಮತ್ತೆ ಅವನ ಕಡೆಗೇ ತಿರುಗಿದ್ದವು. ಬಾತುಗಳು ಮುಖ ಮಾಡಿದ್ದ, ಅವನು ಬಿಟ್ಟೆದ್ದ ಖಾಲಿ ಕುರ್ಚಿಯ ಕಡೆಯಿಂದ ಕೊಲ್ಲಿಯ ಉಪ್ಪುಗಾಳಿ ತಣ್ಣಗೆ ಬೀಸಿತು.

“ಬಾಗಿಲು ಹಾಕೇ, ಚಳಿ,” ಎಂದು ಅಣ್ಣ ತಲೆ ತಗ್ಗಿಸಿ ಉಣ್ಣತೊಡಗಿದ.

ಬಾಗಿಲು ಹಾಕಿಯೇ ಇತ್ತು.